ಏಡನ್ನಿನಿಂದ ಮಂಗಳೂರಿಗೆ ಬಂದ ಕಾಗದಗಳು

ಪ್ರಿಯ ಮೇಷ್ಟ್ರೇ,

ಮಧ್ಯಯುಗದ ಕುರಿತ ನಮ್ಮ ವಿಶೇಷ ಸಂಚಿಕೆ ಓದಿ ನೀವು ಬರೆದ ಪತ್ರ ತಲುಪಿತು. ಸರ್ಕಾರ, ಧರ್ಮ, ವ್ಯಾಪಾರ ಎಂದು ಮೂರು ಲೇಖನಗಳನ್ನು ಬೇರೆಬೇರೆ ಕೊಟ್ಟಿದ್ದೀರಿ, ಇವುಗಳಲ್ಲಿ ಜನರ ಬದುಕನ್ನು ರೂಪಿಸಿದ್ದು ಯಾವುದು ಎಂದು ನನ್ನ ತರಗತಿಯ ಹುಡುಗಿಯೊಬ್ಬಳು ಕೇಳಿದಳು, ಏನು ಹೇಳಲಿ ಎಂದಿದ್ದೀರಿ. ದೊರೆಗಳನ್ನು ಬಿಟ್ಟು ಒಬ್ಬ ಸಾಮಾನ್ಯನ ಉದಾಹರಣೆ ಸಿಕ್ಕೀತೇ ಎಂದೂ ಕೇಳಿದ್ದೀರಿ. ಸಿಗುತ್ತದೆ, ಅದೂ ನಮ್ಮ ಮಂಗಳೂರಿನಲ್ಲೇ ಹಲವು ವರ್ಷ ಬಾಳಿದವನದು.

ಅವನ ಹೆಸರು ಅಬ್ರಹಾಂ ಬೆನ್ ಯಿಜು. ಈಗಿನ ಟುನೀಶಿಯಾದ ಮಹ್ದಿಯಾ ಎಂಬ ರೇವುಪಟ್ಟಣದಿಂದ ಬಂದ ಯಹೂದಿ ವರ್ತಕ. 1132ರ ಹೊತ್ತಿಗೆ ಮಂಗಳೂರಿನಲ್ಲಿದ್ದ. ಅಲ್ಲಿಂದ 1149ರವರೆಗೆ ಅವನ ಬದುಕು ಬಹುಪಾಲು ನಮ್ಮ ಪಶ್ಚಿಮ ಕರಾವಳಿಯಲ್ಲೇ ಕಳೆಯಿತು. ಇವನ ಕಥೆ ನಮಗೆ ಸಿಕ್ಕಿದ್ದೇ ಧರ್ಮದ ದೆಸೆಯಿಂದ. ದೇವರ ಹೆಸರಿರಬಹುದಾದ ಬರಹವನ್ನು ಹರಿದೆಸೆಯಬಾರದೆಂಬುದು ಯಹೂದಿಗಳ ಕಟ್ಟುಪಾಡು. ಹಾಗಾಗಿ ಹಳೆಯ ಕೈರೋದ, ಅಂದರೆ ಫುಸ್ತಾತ್‌ನ, ಬೆನ್ ಎಜ್ರಾ ಪ್ರಾರ್ಥನಾ ಮಂದಿರದ ಕೋಣೆಯೊಂದರಲ್ಲಿ ಶತಮಾನಗಳ ಕಾಲ ಕಾಗದಗಳನ್ನು ತುಂಬುತ್ತಾ ಬಂದರು. ಪ್ರಾರ್ಥನೆ, ಮದುವೆಯ ಕರಾರು, ಸಾಲದ ಪತ್ರ, ಸರಕಿನ ಪಟ್ಟಿ ಎಲ್ಲವೂ ಅಲ್ಲಿ ಸೇರಿದವು. 1896-97ರಲ್ಲಿ ಸೊಲೊಮನ್ ಶೆಕ್ಟರ್ ಎಂಬ ವಿದ್ವಾಂಸರು ಅದರ ದೊಡ್ಡ ಪಾಲನ್ನು ಕೇಂಬ್ರಿಜ್‌ಗೆ ಸಾಗಿಸಿದರು. ಅಲ್ಲಿರುವ ತುಣುಕುಗಳೇ 1,90,000ಕ್ಕೂ ಹೆಚ್ಚು. ಬೆನ್ ಯಿಜುವಿನ ಕಾಗದಗಳಲ್ಲಿ ಹಲವು ಇರುವುದು ಆ ರಾಶಿಯಲ್ಲೇ.

ಮೊದಲು ಒಂದು ಕಾಗದ ನೋಡೋಣ. 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಬರೆದದ್ದು. ಆಶು ಎಂಬ ತನ್ನ ದಾಸಿಯನ್ನು ಬೆನ್ ಯಿಜು ಬಿಡುಗಡೆ ಮಾಡಿದ ಪತ್ರ. ಆಗ ತುಳುನಾಡಿನ ಅರಸರು ಆಳುಪರು. ಪತ್ರಕ್ಕೆ ಅಧಿಕಾರದ ಮುದ್ರೆ ಕೊಟ್ಟ ಹೆಸರು ಮಾತ್ರ ಬಾಗ್ದಾದಿನಲ್ಲಿದ್ದ ಯಹೂದಿ ಸಮುದಾಯದ ಮುಖ್ಯಸ್ಥ ದಾನಿಯೇಲನದು. ಸಮುದ್ರದಾಚೆಯ ಒಬ್ಬ ಧಾರ್ಮಿಕ ನಾಯಕನ ಹೆಸರಿನಲ್ಲಿ ಮಂಗಳೂರಿನ ಒಂದು ಹೆಣ್ಣುಜೀವದ ಸ್ಥಾನಮಾನ ಬದಲಾಯಿತು. ಆಶು ಮುಂದೆ ಅವನ ಹೆಂಡತಿಯಾದಳೆಂದು ವಿದ್ವಾಂಸರು ತರ್ಕಿಸುತ್ತಾರೆ. ಇಷ್ಟೆಲ್ಲ ಕಾಗದ ಉಳಿದರೂ ಅವಳದೆನ್ನುವ ಒಂದು ಮಾತು ಉಳಿದಿಲ್ಲ. ಈ ವ್ಯಾಪಾರವನ್ನು ಹಾಡಿ ಹೊಗಳುವವರು ಅದರೊಳಗೆ ಮನುಷ್ಯರ ಮಾರಾಟವೂ ಇತ್ತೆಂಬುದನ್ನು ಮರೆಯಬಾರದು. ನಿಮ್ಮ ಮಕ್ಕಳಿಗೂ ಇದನ್ನು ತಪ್ಪದೆ ಹೇಳಿ.

ಇನ್ನು ವ್ಯಾಪಾರ. ಬೆನ್ ಯಿಜು ಇಲ್ಲಿಂದ ಕಾಳುಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ. ಯೆಮನ್‌ನ ರೇವುಪಟ್ಟಣ ಏಡನ್ನಿನಿಂದ ತಾಮ್ರ, ಒಡೆದ ಹಳೆಯ ಪಾತ್ರೆಗಳು ಬರುತ್ತಿದ್ದವು. ಅವನ್ನು ಕರಗಿಸಿ, ಹೇಳಿದ ಅಳತೆಗೆ ಹೊಸ ಪಾತ್ರೆ, ದೀಪ ಮಾಡಿಸಿ ಹಿಂದಕ್ಕೆ ಕಳಿಸುವ ಕಾರ್ಖಾನೆಯೊಂದನ್ನು ಇಲ್ಲಿ ಇಟ್ಟಿದ್ದ. ಸಕ್ಕರೆ, ಒಣದ್ರಾಕ್ಷಿ, ಕಾಗದ ಉಡುಗೊರೆಯಾಗಿ ಬರುತ್ತಿದ್ದವು. ತಾಳೆಗರಿಯ ನಾಡಿನಲ್ಲಿ ಕಾಗದ ಅಪರೂಪ. ಬಂದ ಪತ್ರಗಳಲ್ಲಿ ಖಾಲಿ ಉಳಿದ ಜಾಗದಲ್ಲೇ ಅವನು ಲೆಕ್ಕ ಬರೆದುಕೊಳ್ಳುತ್ತಿದ್ದ.

ಏಲಕ್ಕಿಗೆಂದು ಮುಂಗಡ ಪಡೆದ ಇಲ್ಲಿನ ದಲ್ಲಾಳಿಯೊಬ್ಬ ಸರಕನ್ನೂ ಕೊಡಲಿಲ್ಲ, ಹಣವನ್ನೂ ಕೊಡಲಿಲ್ಲ. ಏಡನ್ನಿನ ಪಾಲುದಾರನೊಬ್ಬ ಕೊಟ್ಟ ಸಲಹೆ ಗಮನಿಸಿ: ಸಾಲ ತೀರಿಸದವರಿಗೆ ನಾವಿಲ್ಲಿ ಬಹಿಷ್ಕಾರ ಹಾಕುತ್ತೇವೆಂದು ಅವನನ್ನು ಹೆದರಿಸು, ಬಗ್ಗದಿದ್ದರೆ ಬಹಿಷ್ಕಾರದ ಪತ್ರವನ್ನೇ ಇಲ್ಲಿಂದ ಕಳಿಸುತ್ತೇವೆ. ಸಾಲ ವಸೂಲಿಗೆ ಯಾವ ದೊರೆಯ ಕಚೇರಿಯನ್ನೂ ಅವನು ಹೆಸರಿಸುವುದಿಲ್ಲ. ನಾಲ್ಕು ಜನರ ನಡುವೆ ಮರ್ಯಾದೆ ಹೋದರೆ ಮುಂದಿನ ಹಡಗಿನಲ್ಲಿ ಯಾರೂ ಸರಕು ನಂಬಿ ಕಳಿಸುವುದಿಲ್ಲ; ಅಷ್ಟು ಭಯ ಸಾಕೆಂದು ಅವರ ಎಣಿಕೆ.

ಹಾಗೆಂದು ಸರ್ಕಾರದ ಕೈ ಇರಲೇ ಇಲ್ಲವೆಂದಲ್ಲ. ಏಡನ್ನಿನಲ್ಲಿ ಇಳಿದ ಸರಕಿಗೆ ಸುಂಕ ಕಟ್ಟಲೇಬೇಕಿತ್ತು. ಆ ಆದಾಯದ ಆಸೆಗೆ 1135ರಲ್ಲಿ ಪರ್ಷಿಯನ್ ಕೊಲ್ಲಿಯ ಕೀಶ್ ದ್ವೀಪದ ದೊರೆ 15 ಹಡಗುಗಳನ್ನು ಕಳಿಸಿ ರೇವನ್ನು ಸುಮಾರು 2 ತಿಂಗಳು ಮುತ್ತಿದ. ಮುತ್ತಿಗೆ ಮುರಿದದ್ದು ಇರಾನಿನ ರೇವುಪಟ್ಟಣ ಸಿರಾಫ್‌ನ ಶ್ರೀಮಂತ ಮುಸ್ಲಿಂ ವರ್ತಕ ರಾಮಿಷ್ತ್‌ನ 2 ಹಡಗುಗಳು ಬಂದ ಮೇಲೆ; ಊರಿನ ಸೈನಿಕರು ಅವನ್ನೇರಿ ದಾಳಿಕೋರರನ್ನು ಓಡಿಸಿದರು.

ಅದೇ ಏಡನ್ನಿನಲ್ಲಿ ಮದ್ಮೂನ್ ಎಂಬಾತನಿದ್ದ, ಬೆನ್ ಯಿಜುವಿನ ಪೋಷಕ, ಪಾಲುದಾರ. ಯೆಮನ್‌ನ ಯಹೂದಿಗಳ ನಾಯಕ ಅವನೇ. ಹೊರಗಿನ ವರ್ತಕರ ಪ್ರತಿನಿಧಿಯೂ ಅವನೇ. ಬಂದರಿನ ಮೇಲ್ವಿಚಾರಕನೂ ಅವನೇ. ಬೆಳಿಗ್ಗೆ ಸುಂಕದ ಕಟ್ಟೆಯಲ್ಲಿ ಒಬ್ಬನ ಮೂಟೆ ಬಿಚ್ಚಿಸಿದವನೇ ಸಂಜೆ ಅವನ ವ್ಯಾಜ್ಯಕ್ಕೆ ಪಂಚನಾಗಿ ಕೂರಬಹುದಿತ್ತು. ಮಂಗಳೂರಿನ ಬನಿಯಾ ವರ್ತಕರು ಹಡಗು ಹೊರಡಿಸಿದರೆ ತಾನೂ ಪಾಲು ಹಾಕುತ್ತೇನೆಂದು ಪತ್ರ ಬರೆದವನೂ ಇವನೇ. ನಾವು ಮೂರು ಲೇಖನ ಮಾಡಿದ ವಿಷಯ ಇಲ್ಲಿ ಒಬ್ಬನೇ ಮನುಷ್ಯ. ಆ ಹುಡುಗಿಗೆ ನಾನಾದರೆ ಮೊದಲು ಹೇಳುವುದು ಇವನ ಕಥೆಯನ್ನೇ.

ಆದರೆ ಯಾವುದು ಹೆಚ್ಚು ಎಂದು ಅವಳು ಪಟ್ಟು ಹಿಡಿದರೆ ಕಾಲ ಯಾವುದೆಂದು ಕೇಳಿ. 12ನೇ ಶತಮಾನದ ಈ ಸಮುದ್ರದಲ್ಲಿ ಹೆಚ್ಚಿನ ಭಾರ ಹೊತ್ತದ್ದು ಧರ್ಮ, ಕುಲ, ನಂಟಸ್ತಿಕೆಗಳು ಎನ್ನುವುದು ನನ್ನ ಅಭಿಪ್ರಾಯ. 1148ರಲ್ಲಿ ಸಿಸಿಲಿಯ ದೊರೆ ಎರಡನೇ ರೋಜರ್ ಮಹ್ದಿಯಾವನ್ನು ಗೆದ್ದಾಗ ಬೆನ್ ಯಿಜುವಿನ ಒಡಹುಟ್ಟಿದವರು ದಿಕ್ಕಾಪಾಲಾದರು. ಮರುವರ್ಷ ಏಡನ್ನಿಗೆ ಮರಳಿದ ಅವನು ಅವರನ್ನು ಹುಡುಕಿ ಪತ್ರ ಬರೆದ. ದುಡಿದ ಹಣದಲ್ಲಿ ಅವರನ್ನು ಸಾಕುವೆನೆಂದ. ಮಗಳನ್ನು ಸೋದರನ ಮಗನಿಗೋ ಸೋದರಿಯ ಮಗನಿಗೋ ಕೊಡುವೆನೆಂದ. 1156ರಲ್ಲಿ ಈಜಿಪ್ಟಿನಲ್ಲಿ ಆ ಮದುವೆ ನಡೆಯಿತು. ರಾಜ್ಯ ಒಡೆದದ್ದನ್ನು ಅವನು ಕೂಡಿಸಲು ಹೊರಟದ್ದು ಮದುವೆಯ ಮೂಲಕ.

300 ವರ್ಷ ಕಳೆಯುವಷ್ಟರಲ್ಲಿ ತಕ್ಕಡಿ ಸರ್ಕಾರದ ಕಡೆಗೆ ವಾಲಿತ್ತು. 1422ರಿಂದ 1438ರವರೆಗೆ ಈಜಿಪ್ಟನ್ನು ಆಳಿದ ಮಮ್ಲೂಕ್ ಸುಲ್ತಾನ ಬಾರ್ಸ್‌ಬಾಯ್ ಮೆಣಸಿನ ವ್ಯಾಪಾರವನ್ನೇ ಅರಮನೆಯ ಏಕಸ್ವಾಮ್ಯ ಮಾಡಿಕೊಂಡ. ತಲೆಮಾರುಗಳಿಂದ ಮೆಣಸು ಸಾಗಿಸಿದ ಕಾರಿಮಿ ವರ್ತಕರು ಅಲ್ಲಿಂದ ಮೇಲೇಳಲಿಲ್ಲ.

— ಸಂಪಾದಕ