ಡಿಬಿಎಂ ಫೈಲಿನಲ್ಲಿ ಪಟ್ಟಿಯೊಳಗಿನ ಪಟ್ಟಿಯನ್ನು ಉಳಿಸುವುದು ಹೇಗೆ?

ನೇರವಾಗಿ ಆಗುವುದಿಲ್ಲ. ಡಿಬಿಎಂ ಎಂದರೆ ಮಾಹಿತಿಯನ್ನು ಕೀಲಿ-ಮೌಲ್ಯ ಜೋಡಿಗಳಾಗಿ ಫೈಲಿನಲ್ಲಿಡುವ ಸರಳ ವ್ಯವಸ್ಥೆ. ಪಟ್ಟಿಯನ್ನು ಮೊದಲು ಬೈಟ್‌ಗಳ ಒಂದೇ ಸಾಲಾಗಿ ಬದಲಿಸಿ ಫೈಲಿಗೆ ಹಾಕಬೇಕು, ಓದುವಾಗ ಮತ್ತೆ ಬಿಡಿಸಿಕೊಳ್ಳಬೇಕು. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಶೆಲ್ವ್ (shelve) ಮಾಡ್ಯೂಲ್ ಈ ಎರಡೂ ಕೆಲಸ ಮಾಡಿಕೊಡುತ್ತದೆ.

ಕೆನ್ ಥಾಂಪ್ಸನ್ 1979ರಲ್ಲಿ ಬರೆದ ಮೂಲ ಡಿಬಿಎಂನಿಂದಲೂ ನಿಯಮ ಒಂದೇ: ಒಂದು ಕೀಲಿ, ಅದಕ್ಕೊಂದು ಮೌಲ್ಯ, ಎರಡೂ ಬರೀ ಬೈಟ್‌ಗಳು. ಆದರೆ ಮೆಮೊರಿಯಲ್ಲಿ ಪಟ್ಟಿಯೆಂದರೆ ಒಳಗಿನ ವಸ್ತುಗಳು ಎಲ್ಲಿವೆ ಎಂಬ ವಿಳಾಸಗಳ ಸಾಲು. ಪ್ರೋಗ್ರಾಂ ಮುಚ್ಚಿದ ಕೂಡಲೇ ಆ ವಿಳಾಸಗಳಿಗೆ ಅರ್ಥವಿರುವುದಿಲ್ಲ. ಹಾಗಾಗಿ ವಿಳಾಸವಲ್ಲ, ಒಳಗಿನ ಸರಕನ್ನೇ ಬರೆದಿಡಬೇಕು.

ಹೆಚ್ಚಿನವರು ಎಡವುವುದು ಮುಂದಿನ ಹೆಜ್ಜೆಯಲ್ಲಿ. ಡೊಂಬಿವಲಿಯ ನಮ್ಮ ಕನ್ನಡ ವಾಚನಾಲಯಕ್ಕೆ ನಾನೇ ಬರೆದ ಪ್ರೋಗ್ರಾಂನಲ್ಲಿ ಸದಸ್ಯ ಸಂಖ್ಯೆ ಕೀಲಿ, ಒಯ್ದ ಪುಸ್ತಕಗಳ ಪಟ್ಟಿ ಮೌಲ್ಯ. 214ನೇ ಸದಸ್ಯರ ಪಟ್ಟಿಗೆ ಮೂರನೇ ಪುಸ್ತಕ ಸೇರಿಸಿದೆ. ಮುಂದಿನ ಭಾನುವಾರ ನೋಡಿದರೆ ಎರಡೇ! ಎರರ್ ಕೂಡ ಬಂದಿರಲಿಲ್ಲ. ಫೈಲಿನಿಂದ ಕೈಗೆ ಬರುವುದು ನಕಲು ಮಾತ್ರ; ನಾನು ತಿದ್ದಿದ್ದು ಆ ನಕಲನ್ನು. ಪಟ್ಟಿಯನ್ನು ಹೊರತೆಗೆದು, ತಿದ್ದಿ, ಅದೇ ಕೀಲಿಗೆ ಮತ್ತೆ ಇಟ್ಟರಷ್ಟೇ ಉಳಿಯುತ್ತದೆ. ಶೆಲ್ವ್‌ನ ರೈಟ್‌ಬ್ಯಾಕ್ (writeback) ಆಯ್ಕೆ ಇದನ್ನು ತಾನೇ ಮಾಡುತ್ತದೆ, ಆದರೆ ಮುಟ್ಟಿದ ದಾಖಲೆಗಳನ್ನೆಲ್ಲ ಮೆಮೊರಿಯಲ್ಲಿ ಹಿಡಿದಿಟ್ಟುಕೊಳ್ಳುವುದರಿಂದ ಫೈಲ್ ಮುಚ್ಚುವುದು ನಿಧಾನವಾಗಬಹುದು.

ಇನ್ನೊಂದು: ಪಟ್ಟಿಯನ್ನು ಬೈಟ್‌ಗಳಾಗಿಸಲು ಶೆಲ್ವ್ ಬಳಸುವ ಪಿಕಲ್ (pickle) ವಿಧಾನದಲ್ಲಿ, ಫೈಲಿನೊಳಗೆ ಅಡಗಿಸಿಟ್ಟ ಆದೇಶ ಓದುವಾಗಲೇ ಓಡಬಹುದು. ಗುರುತಿಲ್ಲದವರು ಕೊಟ್ಟ ಫೈಲನ್ನು ದಯವಿಟ್ಟು ತೆರೆಯಬೇಡಿ. ಬರೀ ಹೆಸರು, ಅಂಕಿಗಳಾದರೆ ಜೇಸನ್ (JSON) ಎಂಬ ಸರಳ ಮಾದರಿಯ ಪಠ್ಯವಾಗಿ ಬರೆದಿಡಿ.