ಮಕ್ಕಳ ಕ್ಯಾಸೆಟ್ಟಿನ ಲೋಗೊ ಕುರಿತ ಲೇಖನಕ್ಕೆ ಸಂಪಾದಕರ ಉತ್ತರ

ತೀರ್ಥಹಳ್ಳಿಯ ಲೇಖಕಿಯವರಿಗೆ ನಮಸ್ಕಾರ.

ಮಕ್ಕಳ ವಿಡಿಯೊ ಕ್ಯಾಸೆಟ್ಟುಗಳ ಆರಂಭದಲ್ಲಿ ಚಲಿಸುತ್ತಿದ್ದ ಲೋಗೊಗಳು ಕಾಲಕಾಲಕ್ಕೆ ಹೇಗೆ ಬದಲಾದವು ಎಂಬ ನಿಮ್ಮ ಲೇಖನ ತಲುಪಿದೆ. ವಿಷಯ ಹೊಸದು, ಭಾಷೆ ಶುದ್ಧವಾಗಿದೆ. ಆದರೂ ಅದನ್ನು ಹಿಂದಿರುಗಿಸುತ್ತಿದ್ದೇನೆ. ಎರಡನೆಯ ಪುಟ ನನಗೆ ನಿಜಕ್ಕೂ ಬೇಸರ ತರಿಸಿದ್ದರಿಂದ ಕಾರಣವನ್ನು ಬಿಡಿಸಿ ಹೇಳಬೇಕೆನಿಸಿದೆ.

"ಡಿಸ್ನಿಯ ಮನಮೋಹಕ ಲೋಗೊ ಮೂಡುತ್ತಿದ್ದಂತೆ ನಾವು ಮಾಯಾಲೋಕಕ್ಕೆ ಜಾರುತ್ತಿದ್ದೆವು" ಎಂದಿದ್ದೀರಿ. ಯಾವ ಲೋಗೊ? 1980ರ ದಶಕದ ಆರಂಭದ ಕ್ಯಾಸೆಟ್ಟುಗಳಲ್ಲಿ ಕಪ್ಪು ತೆರೆಯ ಮೇಲೆ ನಿಯಾನ್ ಗೆರೆಗಳಲ್ಲಿ ಹೊಳೆಯುತ್ತಿದ್ದ ಮಿಕ್ಕಿಯ ಮುಖವೇ, ಅಥವಾ 1986ರಲ್ಲಿ ಬಂದ, 1940ರ 'ಫ್ಯಾಂಟೇಸಿಯಾ' ಚಿತ್ರದಿಂದ ತೆಗೆದ, ನೀಲಿ ಟೋಪಿಯ, ಕೆಂಪು ನಿಲುವಂಗಿಯ ಮಾಂತ್ರಿಕ ಮಿಕ್ಕಿಯೇ? ಆ ಕ್ಯಾಸೆಟ್ಟುಗಳ ವಿಎಚ್‌ಎಸ್ ಮಾದರಿಯ ಟೇಪಿನಲ್ಲಿ ಅಡ್ಡಲಾಗಿ ಸುಮಾರು 240 ಗೆರೆಗಳಷ್ಟು ವಿವರ ಮಾತ್ರ ಉಳಿಯುತ್ತಿತ್ತು; ಅದರಲ್ಲೂ ಕೆಂಪು ಬಣ್ಣ ಅಂಚು ದಾಟಿ ಹರಡಿಕೊಳ್ಳುತ್ತಿತ್ತು. ಕಪ್ಪಿನ ಮೇಲಿನ ಹೊಳೆಯುವ ಗೆರೆ ಸವೆದ ಟೇಪಿನಲ್ಲೂ ಗುರುತು ಸಿಗುತ್ತಿತ್ತು, ಆ ನಿಲುವಂಗಿಯ ಅಂಚು ಮಾತ್ರ ಕಲಸಿಹೋಗುತ್ತಿತ್ತು. ಇದನ್ನು ಕಣ್ಣಾರೆ ಕಂಡವರು ನೀವು. "ಮನಮೋಹಕ" ಎಂಬ ಪದ ನೀವು ಕಂಡದ್ದನ್ನೆಲ್ಲ ಮುಚ್ಚಿಬಿಟ್ಟಿದೆ.

ನಾನು ಕೆಲಸ ಕಲಿತದ್ದು ಶಿವಮೊಗ್ಗದ ದುರ್ಗಿಗುಡಿಯ ಒಂದು ಮುದ್ರಣಾಲಯದಲ್ಲಿ, ಅಚ್ಚುಮೊಳೆಗಳ ಕಾಲದಲ್ಲಿ. ಅಲ್ಲಿ ಕರಡು ತಿದ್ದುತ್ತಿದ್ದ ಹಿರಿಯರೊಬ್ಬರು ಲೇಖನವನ್ನು ಮೊಳೆ ಜೋಡಿಸಲು ಕೊಡುವ ಮುನ್ನ ಗಟ್ಟಿಯಾಗಿ ಓದಿಸುತ್ತಿದ್ದರು. ವಿಶೇಷಣ ಬಂದಲ್ಲೆಲ್ಲ ತಡೆದು, "ಅಲ್ಲಿ ನಿಂತವನಿಗೆ ಏನು ಕಂಡಿತು, ಅದನ್ನು ಹೇಳಪ್ಪ" ಎನ್ನುತ್ತಿದ್ದರು. ಅಕ್ಷರವೊಂದಕ್ಕೆ ಗುಣಿತ, ಒತ್ತು ಎಂದು ಮೊಳೆಗಳನ್ನು ಕೈಯಿಂದಲೇ ಹೆಕ್ಕಿ ಕೂಡಿಸುತ್ತಿದ್ದ ಆ ದಿನಗಳಲ್ಲಿ, ಏನನ್ನೂ ತೋರಿಸದ ಪದಕ್ಕೆ ಮತ್ತೊಬ್ಬರ ದುಡಿಮೆಯನ್ನು ವ್ಯಯಿಸುವುದು ಅನ್ಯಾಯವೆಂದೇ ಅವರು ನಂಬಿದ್ದರು. ನಾನೂ ಇಂದಿಗೂ ಹಾಗೆಯೇ ನಂಬಿದ್ದೇನೆ.

ಮುಂದಿನ ಸಾಲು ಇನ್ನೂ ಕೆಟ್ಟದ್ದು: "ತಂತ್ರಜ್ಞಾನ ಬೆಳೆದಂತೆ ಲೋಗೊಗಳೂ ಬೆಳೆದವು, ಮಕ್ಕಳ ಮೇಲಿನ ಪ್ರೀತಿಯಿಂದ ಕಂಪನಿಗಳು ಅವನ್ನು ಅಂದಗೊಳಿಸಿದವು." ನಡೆದದ್ದು ಇಷ್ಟು ಸರಳವಲ್ಲ. ಮನೆಯಲ್ಲೇ ಟಿವಿ ಕಾರ್ಯಕ್ರಮಗಳನ್ನು ಮುದ್ರಿಸಿಕೊಳ್ಳಬಹುದಾದ ಬೀಟಾಮ್ಯಾಕ್ಸ್ ಯಂತ್ರದ ವಿರುದ್ಧ 1976ರಲ್ಲಿ ಯೂನಿವರ್ಸಲ್ ಚಿತ್ರಸಂಸ್ಥೆಯ ಜೊತೆ ಸೇರಿ, ಅದನ್ನು ತಯಾರಿಸಿದ ಸೋನಿಯ ಮೇಲೆ ದಾವೆ ಹೂಡಿದ್ದು ಇದೇ ಡಿಸ್ನಿ. 1984ರ ಜನವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಒಬ್ಬ ನ್ಯಾಯಮೂರ್ತಿಯ ಬಹುಮತದಿಂದ, ಅಂದರೆ 5–4ರಲ್ಲಿ, ಸೋನಿಯ ಪರ ತೀರ್ಪಿತ್ತಿತು. ಕೆಲವು ವರ್ಷಗಳಿಗೊಮ್ಮೆ ಮತ್ತೆ ಚಿತ್ರಮಂದಿರಕ್ಕೆ ತಂದು ಹಣ ಗಳಿಸುತ್ತಿದ್ದ ತನ್ನ ಹಳೆಯ ಅನಿಮೇಷನ್ ಚಿತ್ರಗಳನ್ನು ಕ್ಯಾಸೆಟ್ಟಿಗೆ ಬಿಟ್ಟುಕೊಡಲು ಅದುವರೆಗೆ ಹಿಂಜರಿಯುತ್ತಿದ್ದ ಕಂಪನಿ, ಅದೇ ವರ್ಷದ ಡಿಸೆಂಬರಿನಲ್ಲಿ 'ರಾಬಿನ್ ಹುಡ್' ಚಿತ್ರದಿಂದ 'ಕ್ಲಾಸಿಕ್ಸ್' ಎಂಬ ಕ್ಯಾಸೆಟ್ ಮಾಲೆಯನ್ನು ಆರಂಭಿಸಿತು. ಅದರ ಗುರುತು ಕಪ್ಪು ವಜ್ರ. ಇದು ಮನೆಯ ಕಪಾಟಿನಲ್ಲಿಡುವ ಅಮೂಲ್ಯ ವಸ್ತು ಎಂದು ಕೊಳ್ಳುವವರಿಗೆ ಮನವರಿಕೆ ಮಾಡುವ ಕೆಲಸ ಆ ವಜ್ರದ್ದಾಗಿತ್ತು. ಈ ಕಥೆಯಲ್ಲಿ ಭಯವಿದೆ, ವ್ಯಾಪಾರವಿದೆ, ಸೋಲಿನ ನಂತರದ ಜಾಣತನವಿದೆ. ಇವನ್ನೆಲ್ಲ ಬಿಟ್ಟು "ಪ್ರೀತಿಯಿಂದ" ಎಂದರೆ ಓದುಗರಿಗೆ ಏನು ದಕ್ಕೀತು?

ಅನಿಮೇಷನ್ ಕಂಪನಿ ಪಿಕ್ಸಾರ್‌ನ ಲೋಗೊದಲ್ಲಿ ಬರುವ ದೀಪದ ಬಗ್ಗೆಯೂ "ಕಂಪ್ಯೂಟರ್ ಗ್ರಾಫಿಕ್ಸಿನ ಅದ್ಭುತ" ಎಂದು ಮುಗಿಸಿದ್ದೀರಿ. 1986ರ ಕಿರುಚಿತ್ರದಿಂದ ಬಂದ ಆ ಮೇಜುದೀಪಕ್ಕೆ ಕಣ್ಣಿಲ್ಲ, ಬಾಯಿಲ್ಲ. ಅದು ಕುಪ್ಪಳಿಸುತ್ತ ಬಂದು ಕಂಪನಿಯ ಹೆಸರಿನ 'ಐ' ಅಕ್ಷರದ ಮೇಲೆ ಮತ್ತೆ ಮತ್ತೆ ಹಾರಿ, ಅಕ್ಷರವನ್ನು ನೆಲಸಮ ಮಾಡಿ, ನಮ್ಮತ್ತ ತಿರುಗುತ್ತದೆ. ಮುಖವಿಲ್ಲದ ವಸ್ತುವಿನ ಮನಸ್ಸನ್ನು ಮಗು ಬರೀ ಅದರ ನಡಿಗೆಯಿಂದ ಓದಿಕೊಳ್ಳುತ್ತದೆ. ಅದ್ಭುತವಿರುವುದು ಅಲ್ಲಿ.

ಇನ್ನು ನಿಮ್ಮ ನಾಲ್ಕನೆಯ ಪುಟದಲ್ಲಿ, ಆಗುಂಬೆ ಕಡೆಯ ಮಳೆಗಾಲದಲ್ಲಿ ಬಾಡಿಗೆ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯುತ್ತಿತ್ತು, ನಿಮ್ಮ ಮಾವ ವಿಸಿಆರಿನಲ್ಲಿ ಟೇಪು ಓದುವ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸುತ್ತಿದ್ದರು ಎಂಬ ಒಂದೇ ಒಂದು ವಾಕ್ಯವಿದೆ. ಲೋಗೊ ಇರುತ್ತಿದ್ದುದು ಟೇಪಿನ ಮೊದಲಲ್ಲಿ. ಪ್ರತಿ ಸಲ ಯಂತ್ರಕ್ಕೆ ಹಾಕಿದಾಗಲೂ ಮೊದಲು ಎಳೆತಕ್ಕೆ ಸಿಕ್ಕಿ ಸವೆಯುತ್ತಿದ್ದುದೂ ಆ ಭಾಗವೇ. ಹಾಗಾದರೆ ಮಲೆನಾಡಿನ ಮಗುವಿಗೆ ಕಂಡ ಮಿಕ್ಕಿ ಅಮೆರಿಕದ ಮಗುವಿಗೆ ಕಂಡ ಮಿಕ್ಕಿಯಲ್ಲ. ಲೇಖನ ಶುರುವಾಗಬೇಕಾದದ್ದು ಅಲ್ಲಿಂದ.

ಎರಡನೆಯ ಪುಟವನ್ನು ಪೂರ್ತಿ ತೆಗೆದುಹಾಕಿ, ಆ ವಾಕ್ಯವನ್ನು ಎರಡು ಪುಟಗಳಿಗೆ ಬೆಳೆಸಿ ಕಳುಹಿಸಿ. ದೀಪಾವಳಿ ವಿಶೇಷಾಂಕದಲ್ಲಿ ಅದಕ್ಕೆ ಜಾಗ ಇಟ್ಟಿರುತ್ತೇನೆ.