ಗೋಲ್‌ಕಂಬಗಳ ನಡುವೆ ಕಲಿತದ್ದು

ಮಾನ್ಯರೇ,

ಫುಟ್‌ಬಾಲ್‌ನಲ್ಲಿ ಗೋಲ್‌ಕೀಪರ್ ಆಗಿದ್ದವರು ಒಳ್ಳೆಯ ಕೋಚ್ ಆಗುತ್ತಾರೆಂಬ ಕಳೆದ ಸಂಚಿಕೆಯ ಲೇಖನದ ಮಾತನ್ನು ನೀವು ಒಪ್ಪಿಲ್ಲ. ‘ಪಂದ್ಯವಿಡೀ ಒಂದೇ ಕಡೆ ನಿಲ್ಲುವವನು ಉಳಿದ ಹತ್ತು ಮಂದಿಗೆ ಆಟ ಕಲಿಸುವುದು ಹೇಗೆ?’ ಎಂದು ಕೇಳಿದ್ದೀರಿ.

ನಿಮ್ಮ ಆಕ್ಷೇಪದಲ್ಲಿ ಹುರುಳಿದೆ. ಎದುರಾಳಿ ಬೆನ್ನಿಗೆ ಅಂಟಿಕೊಂಡಿರುವಾಗ ಚೆಂಡನ್ನು ಹಿಡಿತಕ್ಕೆ ತಂದು ತಿರುಗುವ ಕಷ್ಟವನ್ನು ಗೋಲ್‌ಕೀಪರ್ ಕಂಡು ಬಲ್ಲನೇ ಹೊರತು ಆಡಿ ಬಲ್ಲವನಲ್ಲ. ನಿವೃತ್ತರಾದ ಹಲವರು ಗೋಲ್‌ಕೀಪಿಂಗ್ ತರಬೇತಿಗಷ್ಟೇ ತಮ್ಮನ್ನು ಸೀಮಿತಗೊಳಿಸಿಕೊಳ್ಳುವುದು ಸಹಜವೇ.

ಆದರೆ ‘ಒಂದೇ ಕಡೆ ನಿಲ್ಲುವವನು’ ಎಂಬ ಮಾತನ್ನು ನಾನು ಒಪ್ಪಲಾರೆ. ಇಪ್ಪತ್ತೊಂದು ಮಂದಿಯೂ ಬಹುಪಾಲು ಹೊತ್ತು ಕಣ್ಣೆದುರಿಗೇ ಇರುವುದು ಗೋಲ್‌ಕೀಪರ್‌ಗೆ ಮಾತ್ರ. ಎದುರಾಳಿಗೆ ಫ್ರೀ ಕಿಕ್ ಸಿಕ್ಕಾಗ ಚೆಂಡಿಗೆ ಅಡ್ಡವಾಗಿ ಆಟಗಾರರ ಗೋಡೆ ನಿಲ್ಲಿಸುವವನೂ, ಯಾರನ್ನು ಯಾರು ಕಾಯಬೇಕೆಂದು ಡಿಫೆಂಡರ್‌ಗಳಿಗೆ ಕೂಗಿ ಹೇಳುವವನೂ ಅವನೇ. ಸಹ ಆಟಗಾರ ಬೇಕೆಂದೇ ಕಾಲಿನಿಂದ ಕೊಟ್ಟ ಚೆಂಡನ್ನು ಅವನು ಕೈಯಲ್ಲಿ ಹಿಡಿಯಬಾರದೆಂಬ ನಿಯಮ 1992ರಲ್ಲಿ ಬಂದ ಮೇಲಂತೂ ದಾಳಿಯ ಮೊದಲ ಪಾಸು ಕೂಡ ಎಷ್ಟೋ ಸಲ ಅವನಿಂದಲೇ ಹೊರಡುತ್ತದೆ.

ಇಟಲಿಯ ಗೋಲ್‌ಕೀಪರ್ ಆಗಿದ್ದ ಡಿನೊ ಜೋಫ್ ಅವರನ್ನೇ ನೋಡಿ. 1982ರಲ್ಲಿ, ನಲವತ್ತರ ವಯಸ್ಸಿನಲ್ಲಿ, ನಾಯಕರಾಗಿ ವಿಶ್ವಕಪ್ ಎತ್ತಿದ ಅವರು ಮುಂದೆ ಕೋಚ್ ಆಗಿ 1990ರಲ್ಲಿ ಇಟಲಿಯ ಯುವೆಂಟಸ್ ಕ್ಲಬ್ಬಿಗೆ ಯುರೋಪಿನ ಕ್ಲಬ್‌ಗಳ ಯುಇಎಫ್‌ಎ ಕಪ್ಪನ್ನೂ ಇಟಾಲಿಯನ್ ಕಪ್ಪನ್ನೂ ಗೆಲ್ಲಿಸಿಕೊಟ್ಟರು. 2000ದ ಯೂರೋ (ಯುರೋಪಿನ ರಾಷ್ಟ್ರೀಯ ತಂಡಗಳ ಪಂದ್ಯಾವಳಿ) ಸೆಮಿಫೈನಲ್‌ನಲ್ಲಿ ಅವರ ಇಟಲಿ ತಂಡ, ಮೊದಲಾರ್ಧದಲ್ಲೇ ಒಬ್ಬ ಆಟಗಾರನನ್ನು ಕಳೆದುಕೊಂಡರೂ, ಆತಿಥೇಯ ನೆದರ್‌ಲೆಂಡ್ಸ್‌ಗೆ ಒಂದೂ ಗೋಲು ಬಿಟ್ಟುಕೊಡದೆ ಪೆನಾಲ್ಟಿ ಶೂಟೌಟ್‌ನಲ್ಲಿ ಗೆದ್ದಿತು. ಹೆಚ್ಚುವರಿ ಸಮಯವೂ ಸೇರಿದಂತೆ ಎಂಬತ್ತು ನಿಮಿಷಕ್ಕೂ ಮಿಗಿಲಾಗಿ ಹತ್ತೇ ಮಂದಿ ಕದಲದೆ ನಿಂತ ಆ ಶಿಸ್ತಿನಲ್ಲಿ ಗೋಲ್‌ಕೀಪರೊಬ್ಬರ ಮನಸ್ಸು ಕಾಣುತ್ತದೆಂದು ನಾನು ಈಗಲೂ ನಂಬುತ್ತೇನೆ. ಫೈನಲ್‌ನಲ್ಲಿ ಫ್ರಾನ್ಸ್ ಕೊನೆಯ ಗಳಿಗೆಯಲ್ಲಿ ಸಮ ಮಾಡಿಕೊಂಡು ಗೋಲ್ಡನ್ ಗೋಲಿನಿಂದ (ಹೆಚ್ಚುವರಿ ಸಮಯದಲ್ಲಿ ಮೊದಲು ಗೋಲು ಹೊಡೆದವರಿಗೇ ಗೆಲುವು ಎಂಬ ಆಗಿನ ನಿಯಮದಂತೆ) ಗೆದ್ದಾಗ, ಎರಡನೇ ಗೋಲಿಗಾಗಿ ಇಟಲಿ ಯತ್ನಿಸಲೇ ಇಲ್ಲವೆಂದು ನೀವು ವಾದಿಸಬಹುದು. ಆದರೆ ಇಟಲಿಯ ಮುನ್ಪಡೆ ಆಟಗಾರ ಡೆಲ್ ಪಿಯೆರೊ ಅವರಿಗೆ ಎರಡು ಸೊಗಸಾದ ಅವಕಾಶಗಳು ಒದಗಿದ್ದವು, ಅವು ಕೈತಪ್ಪಿದ್ದು ಕೋಚ್‌ನ ಯೋಜನೆಯ ದೋಷದಿಂದಲ್ಲ.

ಇನ್ನೊಂದು ಬಗೆಯ ಕಲಿಕೆ ಬೆಂಚಿನ ಮೇಲಿನದು. ಪೋರ್ಚುಗಲ್‌ನ ಪೋರ್ಟೊ ಕ್ಲಬ್ 2004ರಲ್ಲಿ ಯುರೋಪಿನ ಕ್ಲಬ್‌ಗಳ ಅತ್ಯುನ್ನತ ಪಂದ್ಯಾವಳಿಯಾದ ಚಾಂಪಿಯನ್ಸ್ ಲೀಗ್ ಗೆದ್ದಾಗ ನೂನೊ ಎಸ್ಪಿರಿಟೊ ಸಾಂಟೊ ಅವರು ವಿತೋರ್ ಬಾಯಿಯಾ ಅವರ ಹಿಂದೆ ಎರಡನೇ ಗೋಲ್‌ಕೀಪರ್. ಇಡೀ ತಂಡದಲ್ಲಿ ಒಂದೇ ಸ್ಥಾನಕ್ಕೆ ಕಾಯಬೇಕಾದವನು, ಕಹಿಯನ್ನು ಮನಸ್ಸಿಗೆ ತಂದುಕೊಳ್ಳದಿದ್ದರೆ, ಕೋಚ್‌ನ ಪಕ್ಕದಲ್ಲೇ ಕೂತು ಪಂದ್ಯವನ್ನು ಓದುವುದನ್ನು ಕಲಿಯುತ್ತಾನೆ. ಅದೇ ನೂನೊ ಕೋಚ್ ಆಗಿ 2018ರಲ್ಲಿ ಇಂಗ್ಲೆಂಡಿನ ವೂಲ್ವ್ಸ್ ತಂಡವನ್ನು ಅಲ್ಲಿನ ಅತ್ಯುನ್ನತ ದರ್ಜೆಯಾದ ಪ್ರೀಮಿಯರ್ ಲೀಗ್‌ಗೆ ಏರಿಸಿ, ಮುಂದಿನ ಎರಡೂ ಋತುಗಳಲ್ಲಿ ಏಳನೇ ಸ್ಥಾನಕ್ಕೆ ತಂದರು.

ಲೇಖನದಲ್ಲಿ ಹೆಸರಿಲ್ಲದ ಇನ್ನೊಬ್ಬರನ್ನೂ ಇಲ್ಲಿ ನೆನೆಯಬೇಕು. 1962ರಲ್ಲಿ ಕೋಚ್ ಆಗಿ ಬ್ರೆಜಿಲ್‌ಗೆ ವಿಶ್ವಕಪ್ ಗೆಲ್ಲಿಸಿಕೊಟ್ಟ ಅಯ್ಮೊರೆ ಮೊರೇರಾ ಕೂಡ ಗೋಲ್‌ಕೀಪರ್ ಆಗಿದ್ದವರೇ, ಮತ್ತು ಆ ತಂಡದ ಹೆಸರು ಉಳಿದಿರುವುದು ರಕ್ಷಣೆಯಿಂದಲ್ಲ, ಗ್ಯಾರಿಂಚಾ ಅವರ ದಾಳಿಯಿಂದ.

ಹಾಗಿದ್ದೂ ‘ಗೋಲ್‌ಕೀಪರ್ ಆಗಿದ್ದವರು ಒಳ್ಳೆಯ ಕೋಚ್ ಆಗುತ್ತಾರೆ’ ಎಂದು ಲೇಖನ ಸಾರಾಸಗಟಾಗಿ ಹೇಳಿದ್ದು ಸರಿಯಲ್ಲ. ಆಡಿ ಅರಿಯದ ಪಾಠಗಳಿಗೆ ಅವರು ಸಹಾಯಕ ಕೋಚ್‌ಗಳನ್ನೂ ಹಿರಿಯ ಆಟಗಾರರನ್ನೂ ಎಷ್ಟರಮಟ್ಟಿಗೆ ನೆಚ್ಚಬೇಕಾಗುತ್ತದೆ ಎಂಬುದನ್ನು ಅಲ್ಲಿ ಬರೆಯಬೇಕಿತ್ತು. ಅದು ಬಿಟ್ಟುಹೋದದ್ದು ಸಂಪಾದಕನಾದ ನನ್ನ ಲೋಪ.

ಸಂಪಾದಕ